ಆ ಲಾರಿ ಎಷ್ಟು ಹಳೇದು ಅಂತ ನೋಡಿದ ಕೂಡಲೇ ಹೇಗೆ ಹೇಳ್ತೀರಿ?

ಅನಮೋಡ ಘಾಟ್ ಇಳಿದು ಗೋವಾಕ್ಕೆ ಬರುವಾಗ ನನ್ನ ಕಾರಲ್ಲಿ ಕೂತವರೆಲ್ಲ ಕೇಳುವ ಪ್ರಶ್ನೆ ಇದು. ನಾನಿರುವುದು ವಾಸ್ಕೋದಲ್ಲಿ. ಬೆಳಗಾವಿ ಕಡೆಯಿಂದ ನೆಂಟರು ಬಂದರೆ ಅವರಿಗೆ ಬೀಚ್ ಬೇಕು, ನನಗೆ ಫೋಂಡಾ ರಸ್ತೆಯ ಹಳೇ ಲಾರಿ.

ಮೂತಿ ನೋಡಿ, ಬಾಡಿ ನೋಡಬೇಡಿ. ಇಷ್ಟೇ ಗುಟ್ಟು. ಆಗೆಲ್ಲ ಕಂಪನಿಯಿಂದ ಬರುತ್ತಿದ್ದದ್ದು ಸಾಮಾನ್ಯವಾಗಿ ಚಾಸಿ ಅಂದರೆ ಅಡಿಯ ಚೌಕಟ್ಟು, ಎಂಜಿನ್, ಮುಂದಿನ ಮೂತಿ. ಕ್ಯಾಬಿನ್ನು, ಹಿಂದಿನ ಮರದ ಬಾಡಿ ಎಲ್ಲ ಬಾಡಿ ಕಟ್ಟುವವರ ಕೆಲಸ. ಹಲಗೆ ಲಡ್ಡಾದರೆ ಹೊಸದು ಕಟ್ಟಿಸುತ್ತಾರೆ, ಬಣ್ಣ ಹೊಡೆಸುತ್ತಾರೆ, ನವಿಲು ಬರೆಸುತ್ತಾರೆ. ಹಿಂದಿನಿಂದ ನೋಡಿದರೆ ಅಜ್ಜನೂ ಮದುಮಗನೇ.

ಜಾಸ್ತಿ ಕಾಣುವುದು ಟಾಟಾ. 1954ರಲ್ಲಿ ಟೆಲ್ಕೋದವರು, ಅಂದರೆ ಈಗಿನ ಟಾಟಾ ಮೋಟರ್ಸ್, ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಕೈಜೋಡಿಸಿದರು. 1969ರಲ್ಲಿ ಆ ಒಪ್ಪಂದ ಮುಗಿಯುವ ತನಕ ಮುಂದಿನ ಜಾಲರಿಯಲ್ಲಿ ಬೆಂಜ್ ಸ್ಟಾರ್ ಇರುತ್ತಿತ್ತು. ಆಮೇಲೆ ಅದರ ಜಾಗಕ್ಕೆ ‘ಟಿ’ ಅಕ್ಷರ ಬಂತು. ಹಳೇ ಡ್ರೈವರುಗಳ ಬಾಯಲ್ಲಿ ಅದು ಇವತ್ತಿಗೂ ಬೆಂಜ್ ಗಾಡಿಯೇ. ಹಾಗಂತ ಸ್ಟಾರ್ ಕಂಡ ಕೂಡಲೇ ನಂಬಬೇಡಿ. ಅಂಗಡಿಯಲ್ಲಿ ತಂದು ಸುಮ್ನೆ ಶೋಕಿಗೆ ಹಾಕಿಕೊಂಡವರೂ ಇದ್ದಾರೆ. 1210 ಅಂತ ಬರೆದಿದ್ದರೆ ಸುಮಾರು 12 ಟನ್ ಒಟ್ಟು ತೂಕ, 100 ಅಶ್ವಶಕ್ತಿಯ ಆಸುಪಾಸು ಅಂತ ಲೆಕ್ಕ. ಅದರಲ್ಲೇ ಅರ್ಧ ಮೂತಿಯ ಗಾಡಿಯೊಂದಿದೆ, ನನಗೆ ಅದೇ ಇಷ್ಟ. ಎಂಜಿನ್ ಅರ್ಧ ಕ್ಯಾಬಿನ್ ಒಳಗೇ ಇರುತ್ತೆ. ಅದರ ಮುಚ್ಚಳದ ಮೇಲೆ ಕೌದಿ ಮಡಚಿ ಹಾಕಿ ಕ್ಲೀನರ್ ಕೂತಿರುತ್ತಾನೆ. ಘಾಟ್ ಹತ್ತುವಾಗ ಅವನ ಪಾಡು ಬೇಡವೇ ಬೇಡ!

ಇನ್ನು ನಂಬರ್ ಪ್ಲೇಟು. ರಾಜ್ಯದ ಎರಡಕ್ಷರ, ಆಮೇಲೆ ಜಿಲ್ಲೆ ಅಥವಾ ಆರ್‌ಟಿಒ ಅಂಕಿ ಬರುವ ಈಗಿನ ಪದ್ಧತಿ ಶುರುವಾದದ್ದು 1989ರ ಹೊತ್ತಿಗೆ. ಅದಕ್ಕೂ ಹಿಂದಿನ ಗೋವಾ ಗಾಡಿಗೆ ‘ಜಿಡಿ’ಯಿಂದ ಶುರುವಾಗುವ ಮೂರಕ್ಷರ. ನಮ್ಮ ಕಡೆಯದಾದರೆ ‘ಎಂವೈ’ಯೋ ‘ಸಿಎ’ಯೋ.

ಗೋವಾದಲ್ಲೇ ಯಾಕೆ ಇವು ಉಳಿದವು? ಇಲ್ಲಿ ಓಟ ಕಡಿಮೆ ಅಲ್ವಾ? ಅದಿರನ್ನು ಗಣಿಯಿಂದ ನದಿ ದಂಡೆಗೆ ಮುಟ್ಟಿಸಿದರೆ ಲಾರಿ ಕೆಲಸ ಮುಗೀತು, ಮುಂದಕ್ಕೆ ಬಂದರಿನ ತನಕ ಬಾರ್ಜ್ ಅನ್ನುವ ಸರಕು ದೋಣಿ. 2012ರಲ್ಲಿ ಗಣಿ ನಿಂತಾಗ ಎಷ್ಟೋ ಲಾರಿಗಳು ನಿಂತಲ್ಲೇ ನಿಂತವು. ತೀರಾ ಹಳೆಯವು ನೀರಿನ ಟ್ಯಾಂಕರ್ ಆಗಿಯೋ, ಕೆಂಪು ಕಲ್ಲು ಹೊತ್ತೋ ಹೊಟ್ಟೆ ಹೊರೆದುಕೊಳ್ಳುತ್ತವೆ. ಹತ್ತು ಕಿಲೋಮೀಟರ್ ಓಡಾಟಕ್ಕೆ ಹೊಸ ಲಾರಿ ಸಾಲ ಯಾರಿಗೆ ಬೇಕು?

ಮುಂಬೈ ಕುರ್ಲಾದಲ್ಲಿ ಪ್ರೀಮಿಯರ್‌ನವರು ಮಾಡುತ್ತಿದ್ದ ಡಾಡ್ಜ್, ಫಾರ್ಗೋ ಈಗ ಅಪರೂಪ. ಎರಡೂ ಒಂದೇ ಗಾಡಿ, ಹೆಸರು ಮಾತ್ರ ಬೇರೆ. ಶಕ್ತಿಮಾನ್ ಲಾರಿಯನ್ನು ಮಾತ್ರ ದಾಂಡೇಲಿ, ಯಲ್ಲಾಪುರದವರಿಗೆ ಹೇಳಿಕೊಡಬೇಕಿಲ್ಲ, ಕಾಡಿನಿಂದ ನಾಟಾ ಎಳೆಯುವುದನ್ನು ನೋಡಿಯೇ ಬೆಳೆದವರು. ಮಿಲಿಟರಿಗೆಂದು ಜಬಲ್ಪುರದಲ್ಲಿ 1959ರಿಂದ 1996ರ ತನಕ ತಯಾರಾದದ್ದು, ಮೂಲ ಜರ್ಮನಿಯ ಮಾನ್ ಕಂಪನಿಯದು.

ಇಷ್ಟಾದರೂ ಅನುಮಾನ ಉಳಿದರೆ ಡ್ರೈವರನ್ನೇ ಕೇಳಿ. ತಿರುವಿನಲ್ಲಿ ಮಾತ್ರ ಗಾಡಿ ನಿಲ್ಲಿಸಬೇಡಿ, ಚಹಾದಂಗಡಿ ಬರಲಿ. ‘ಯಾವ ಊರ್ರೀ ಅಣ್ಣಾ?’ ಅಂದರೆ ಬಾಗಲಕೋಟೆಯೋ ಹಾವೇರಿಯೋ ಅನ್ನುವ ಸಾಧ್ಯತೆ ಚೆನ್ನಾಗಿದೆ. ಮಾತಿಗೆ ಕೂತರೆ ಬಾನೆಟ್ಟನ್ನೂ ಎತ್ತಿ ತೋರಿಸುತ್ತಾರೆ. ಮೊದಲೇ ಆರ್‌ಸಿ ಬುಕ್ ಕೇಳಿಬಿಟ್ಟೀರಿ ಮತ್ತೆ, ಆರ್‌ಟಿಒದವರು ಅಂದುಕೊಂಡು ಅರ್ಧ ಚಹಾ ಬಿಟ್ಟು ಗಾಡಿ ಹತ್ತುತ್ತಾರೆ.