ಹೊಲಿಗೆ ಮಷೀನಿನ ಪಕ್ಕದ ಸಬ್‌ವೂಫರ್

ಭಾವನ ಫ್ಲ್ಯಾಟಿಗೆ ಬಣ್ಣ ಹೊಡೆಸುವ ಕೆಲಸ ಶುರುವಾಗಿತ್ತು. ಅವರ ಹಾಲಿನಲ್ಲಿದ್ದ ಎರಡು ಟವರ್ ಸ್ಪೀಕರ್‌ಗಳಿಗೆ ಧೂಳು ಕೂರಬಾರದು ಅಂತ ಅವರಿಗೆ ಚಿಂತೆ. ನಾನೋ ಮೂರು ತಿಂಗಳಿನಿಂದ ಟವರ್ ತಗೊಳ್ಳಲೋ, ಚಿಕ್ಕ ಸ್ಪೀಕರ್ ಜೊತೆ ಬರೀ ಬಾಸ್, ಅಂದರೆ ಕೆಳಗಿನ ಸ್ವರ, ನುಡಿಸುವ ಸಬ್‌ವೂಫರ್ ತಗೊಳ್ಳಲೋ ಅಂತ ಅವರ ತಲೆ ತಿನ್ನುತ್ತಿದ್ದೆ. "ಒಂದು ತಿಂಗಳು ನಿನ್ನ ಹತ್ರಾನೇ ಇರಲಿ ಕಣೋ. ಕೇಳಿ ನೋಡು. ಆಮೇಲೆ ಏನ್ ಬೇಕೋ ತಗೋ, ನನ್ನನ್ನ ಬಿಟ್ಬಿಡು" ಅಂದರು.

ಹಾಗೆ ಅವು ಬೆಂಗಳೂರಿನಿಂದ ಹಾಸನಕ್ಕೆ ಬಂದವು. ಒಂದೊಂದೂ ಮೂರೂವರೆ ಅಡಿ ಎತ್ತರ, 22 ಕಿಲೋ ತೂಕ. ಕಾರಿನ ಹಿಂದಿನ ಸೀಟಿನಲ್ಲಿ ಒಂದರ ಮೇಲೊಂದು ಮಲಗಿಸಿ, ಮಧ್ಯೆ ಅಕ್ಕ ಕೊಟ್ಟ ಹಳೆ ರಗ್ಗು ಹಾಕಿದ್ದೆ. ಕುಣಿಗಲ್, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಎಲ್ಲಾದರೂ ಹಂಪ್ ಸಿಕ್ಕರೆ ಸಾಕು, ಬಾಣಂತಿಯನ್ನು ಕೂರಿಸಿಕೊಂಡವನ ಹಾಗೆ ಗಾಡಿ ಓಡಿಸಿದೆ.

ನಮ್ಮ ಹಾಲಿನ ಬಗ್ಗೆ ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಎಲ್ಲಾ ಪಾಡಿಗೂ ಅದೇ ಕಾರಣ. 16 ಅಡಿ ಉದ್ದ, 12 ಅಡಿ ಅಗಲ. ಅಪ್ಪ ಕಟ್ಟಿಸಿದ ಮನೆ, ರೆಡ್ ಆಕ್ಸೈಡ್ ನೆಲ. ಒಂದು ಉದ್ದ ಗೋಡೆಗೆ ಟಿವಿ, ಎದುರು ಗೋಡೆಗೆ ಒರಗಿದ ಸೋಫಾ. ಸೋಫಾ ಮುಂದೆ ಎಳೆದರೆ ಅಡುಗೆಮನೆಗೆ ಹೋಗುವ ದಾರಿ ಬಂದ್. ಟಿವಿಯ ಎಡಕ್ಕೆ ಗೋಡೆಯ ಮೂಲೆ ಇದೆ. ಬಲಕ್ಕೆ ಮೂಲೆಯೇ ಇಲ್ಲ, ಊಟದ ಕೋಣೆಗೆ ತೆರೆದ ಕಮಾನು.

ಟವರ್ ನಿಲ್ಲಿಸಿ, ನನ್ನ ಹಳೆ ಎವಿ ರಿಸೀವರಿಗೆ (ಟಿವಿ, ಸ್ಪೀಕರ್ ಎಲ್ಲಾ ಬಂದು ಸೇರುವ ಆಂಪ್ಲಿಫೈಯರ್) ವೈರ್ ಸಿಕ್ಕಿಸಿ, ಮೊದಲು ಹಾಕಿದ್ದು ಒಂದು ತನಿ ಆವರ್ತನ, ಅಂದರೆ ಕಛೇರಿಯಲ್ಲಿ ತಾಳವಾದ್ಯ ಮಾತ್ರ ನುಡಿಯುವ ಭಾಗ. ಮೃದಂಗದ ಬಲಗಡೆ ಕೇಳಿ ಖುಷಿಯಾಯಿತು. ಬೆರಳಿನ ಉಗುರು ಚರ್ಮಕ್ಕೆ ತಾಗಿದ್ದೂ ಕೇಳುವಷ್ಟು ಚೊಕ್ಕ. ಆದರೆ ಎಡಗಡೆ? ಕಛೇರಿಗೆ ಮುಂಚೆ ವಿದ್ವಾಂಸರು ಎಡಗಡೆಗೆ ರವೆ ಕಲಸಿ ಮೆತ್ತುತ್ತಾರಲ್ಲ, ಆ ನಾದಕ್ಕೆ ಒಂದು ತೂಕ ಇರುತ್ತೆ, ಒಂದು ಜಾರು ಇರುತ್ತೆ. ಗುಮ್ಕಿ, ಅಂದರೆ ಎಡಗಡೆ ಬಾರಿಸಿ ಕೈ ಒತ್ತಿ ಜಾರಿಸುವ ನಾದ, ಬಂದಾಗ 'ಗುಂಮ್' ಅಂತ ಎದ್ದು ಮೆಲ್ಲಗೆ ಮೇಲೆ ಹತ್ತಬೇಕು. ನಮ್ಮ ಹಾಲಿನಲ್ಲಿ ಗುಮ್ಕಿ ಹತ್ತುವುದಿರಲಿ, ಯಾರೋ ಪಕ್ಕದ ಮನೆಯಲ್ಲಿ ಹಾಸಿಗೆ ಕೊಡವಿದ ಹಾಗೆ ಬೊಮ್ ಅಂದು ಅಲ್ಲೇ ಕೂತಿತು. ಅದೂ ಎಡಗಡೆ ಟವರಿನಿಂದ ಮಾತ್ರ. ಬಲಗಡೆಯದು ಕಮಾನಿನ ಪಕ್ಕ ತೆಳ್ಳಗೆ ಹಾಡುತ್ತಿತ್ತು. ಇದರ ನಡುವೆ ಶೋಕೇಸಿನಿಂದ ಝಣ್ ಝಣ್ ಅಂತ ಮೂರನೇ ವಾದ್ಯ.

ಇದೇ ಟವರ್‌ಗಳನ್ನು ಭಾವನ ಮನೆಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಅಲ್ಲಿ ಇದೇ ಗುಮ್ಕಿಗೆ ಭೇಷ್ ಅಂದಿದ್ದೇನೆ. ಅವರ ಹಾಲ್ ದೊಡ್ಡದು, ಸೋಫಾ ಗೋಡೆಯಿಂದ ಐದಡಿ ಮುಂದಿದೆ, ಸ್ಪೀಕರ್ ಹಿಂದೆಯೂ ಮೂರಡಿ ಜಾಗ ಇದೆ. ತಪ್ಪು ಪೆಟ್ಟಿಗೆಯದಲ್ಲ ಅಂತ ಅರ್ಥವಾಗಲು ನನಗೆ ಒಂದು ವಾರ ಬೇಕಾಯಿತು.

ಆ ವಾರ ಫೋನಿನಲ್ಲಿ ಟೋನ್ ಜನರೇಟರ್, ಅಂದರೆ ಬೇಕಾದ ಒಂದೇ ಸ್ವರ ನುಡಿಸುವ ಆಪ್, ಹಾಕಿಕೊಂಡು ಕೂತೆ. 30 ಹರ್ಟ್ಸ್‌ನಿಂದ (ಸೆಕೆಂಡಿಗೆ 30 ಕಂಪನ) ಒಂದೊಂದೇ ಏರಿಸುತ್ತಾ ಹೋದೆ. 44, 45 ಅಷ್ಟಕ್ಕಷ್ಟೆ. 47ಕ್ಕೆ ಬಂತು ನೋಡಿ, ಇಡೀ ಸೋಫಾ ಗುಡುಗಿತು. ಶೋಕೇಸಿನ ಗಾಜಿನ ಬಾಗಿಲು ಹಲ್ಲು ಕಡಿಯಿತು. ಅದರೊಳಗೆ ನಮ್ಮ ಮದುವೆಗೆ ಯಾರೋ ಕೊಟ್ಟ, ಹೆಸರು ಕೆತ್ತಿಸಿದ ಸ್ಟೀಲ್ ಲೋಟ ತಟ್ಟೆಯ ಮೇಲೆ ಕುಣಿಯುತ್ತಾ ಅಂಚಿಗೇ ಬಂದುಬಿಟ್ಟಿತ್ತು. 50 ದಾಟಿದರೆ ಎಲ್ಲಾ ಶಾಂತ.

ಲೆಕ್ಕ ಹಾಕಿದರೆ ಸರಿಯಾಗಿಯೇ ಇದೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಎರಡು ಗೋಡೆಗಳ ನಡುವಿನ ದೂರವನ್ನು ಎರಡು ಪಟ್ಟು ಮಾಡಿ, 343ನ್ನು ಅದರಿಂದ ಭಾಗಿಸಿದರೆ ಆ ಗೋಡೆಗಳು ಯಾವ ಸ್ವರಕ್ಕೆ ಒದರುತ್ತವೆ ಅಂತ ಗೊತ್ತಾಗುತ್ತದೆ. 12 ಅಡಿ ಅಂದರೆ 3.66 ಮೀಟರ್. ಭಾಗಿಸಿದರೆ ಸುಮಾರು 47. ನಮ್ಮ 16 ಅಡಿ ಉದ್ದಕ್ಕೆ 35. ಈ ಒದರಾಟ ಗೋಡೆಯ ಹತ್ತಿರ ಅತಿ ಜೋರು, ಗೋಡೆಗಳ ನಟ್ಟನಡುವೆ ಹೆಚ್ಚುಕಡಿಮೆ ಸೊನ್ನೆ. ನನ್ನ ಟವರ್‌ಗಳು ಒಂದು ಗೋಡೆಗೆ ಅಂಟಿಕೊಂಡು 47ನ್ನು ಎಬ್ಬಿಸುತ್ತಿದ್ದವು. ನಾನು ಎದುರು ಗೋಡೆಗೆ ಅಂಟಿಕೊಂಡು ಅದನ್ನು ಪೂರ್ತಿ ತಿನ್ನುತ್ತಿದ್ದೆ.

ಟವರ್ ಅನ್ನು ಎರಡಡಿ ಮುಂದೆ ತಂದರೆ ಬೊಮ್ ಕಮ್ಮಿಯಾಗುತ್ತಿತ್ತು. ಆದರೆ ಆಗ ಅಮ್ಮ ದಿನಕ್ಕೆ ಎರಡು ಸಲ ಅದಕ್ಕೆ ಡಿಕ್ಕಿ ಹೊಡೆಯುತ್ತಿದ್ದರು. ತೀರಾ ಆಚೀಚೆ ದೂರ ಸರಿಸಿದರೆ ಹಾಡುವವರ ದನಿ ಮಧ್ಯದಲ್ಲಿ ನಿಲ್ಲದೆ ಹರಿದುಹೋಗುತ್ತಿತ್ತು. ಟವರಿನ ಇಕ್ಕಟ್ಟು ಇದೇ. ದನಿ ಚೆನ್ನಾಗಿ ಬರಲು ಒಂದು ಜಾಗ ಬೇಕು, ಬಾಸ್ ಚೆನ್ನಾಗಿ ಬರಲು ಇನ್ನೊಂದು ಜಾಗ ಬೇಕು. ಎರಡೂ ಒಂದೇ ಪೆಟ್ಟಿಗೆಯಲ್ಲಿದ್ದರೆ ಯಾವ ಜಾಗ ಅಂತ ಹುಡುಕುವುದು? ದೊಡ್ಡ ಹಾಲ್ ಇದ್ದವರಿಗೆ ಈ ಎರಡು ಜಾಗ ಒಂದೇ ಕಡೆ ಸಿಕ್ಕೀತು. ನಮ್ಮಂಥವರಿಗೆ ಕಷ್ಟ.

ತಿಂಗಳು ಮುಗಿಯಿತು. ಟವರ್‌ಗಳು ಅದೇ ರಗ್ಗಿನ ಜೊತೆ ಬೆಂಗಳೂರಿಗೆ ಹೋದವು. ವಾಪಸ್ ಬರುವಾಗ ಅದೇ ಸೀಟಿನಲ್ಲಿ ಒಂದು ಜೊತೆ ಚಿಕ್ಕ ಸ್ಪೀಕರ್, ಆರೂವರೆ ಇಂಚಿನ ವೂಫರಿನವು, 38,000 ರೂಪಾಯಿಗೆ. ಜೊತೆಗೆ 10 ಇಂಚಿನ ಒಂದು ಸಬ್‌ವೂಫರ್, 32,000.

ಚಿಕ್ಕ ಸ್ಪೀಕರ್ ಜಾಗ ಉಳಿಸುತ್ತದೆ ಅಂತ ಹೇಳುವವರನ್ನು ನಂಬಬೇಡಿ. ಅದನ್ನು ನಿಲ್ಲಿಸುವ ಸ್ಟ್ಯಾಂಡ್ ನೆಲದ ಮೇಲೆ ಟವರಿನಷ್ಟೇ ಜಾಗ ನುಂಗುತ್ತದೆ. ಮೇಲಿನ ಸ್ವರ ನುಡಿಸುವ ಟ್ವೀಟರ್ ಕಿವಿಯ ಮಟ್ಟಕ್ಕೆ ಬರಬೇಕು, ಹಾಗಾಗಿ ಸ್ಟ್ಯಾಂಡ್ ಬೇಕೇ ಬೇಕು. ಅಂಗಡಿಯ ಸ್ಟ್ಯಾಂಡಿನ ಬೆಲೆ ಕೇಳಿ ಸುಮ್ಮನಾದೆ. ಇಲ್ಲೇ ವೆಲ್ಡಿಂಗ್ ಶಾಪಿನಲ್ಲಿ 24 ಇಂಚಿನ ಎರಡು ಮಾಡಿಸಿದೆ. ಜೋಡಿಗೆ 2,600. ಪೈಪಿನೊಳಗೆ ಎಂ-ಸ್ಯಾಂಡ್ ತುಂಬಿದೆ, ಎರಡು ದಿನ ತಾರಸಿ ಮೇಲೆ ಬಿಸಿಲಿಗೆ ಒಣಗಿಸಿ. ಹಸಿ ಮರಳು ಹಾಕಿದರೆ ಒಳಗಿಂದ ತುಕ್ಕು. ಮರಳು ತುಂಬುವ ಮುಂಚೆ ಪೈಪಿಗೆ ಬೆರಳಲ್ಲಿ ಹೊಡೆದರೆ ಗಂಟೆ ಬಾರಿಸಿದ ಹಾಗೆ ಇತ್ತು. ತುಂಬಿದ ಮೇಲೆ ಟಕ್, ಅಷ್ಟೇ.

ಪೆಟ್ಟಿಗೆ ಚಿಕ್ಕದು ಅಂತ ಮೂಗು ಮುರಿಯುವವರೂ ಇದ್ದಾರೆ. ಬಿಬಿಸಿಯವರು 1970ರ ದಶಕದಲ್ಲಿ ತಮ್ಮ ಹೊರಾಂಗಣ ಪ್ರಸಾರದ ವ್ಯಾನಿಗೆ ಅಂತಲೇ ಎಲ್‌ಎಸ್3/5ಎ ಅನ್ನುವ ಸ್ಪೀಕರ್ ಮಾಡಿಸಿದರು. ಒಂದಡಿ ಎತ್ತರದ ಪೆಟ್ಟಿಗೆ. ಮನುಷ್ಯರ ದನಿಗೆ ಇವತ್ತಿಗೂ ಜನ ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಚಿಕ್ಕದಕ್ಕೆ ಆಗದಿರುವುದು ತೀರಾ ಕೆಳಗಿನ ಸ್ವರ. ಅದಕ್ಕೆ ಕಾರಣ ಇದೆ. ಅದೇ ಜೋರಿನಲ್ಲಿ ಒಂದು ಸ್ಥಾಯಿ ಕೆಳಗೆ ನುಡಿಸಬೇಕೆಂದರೆ ವೂಫರಿನ ಕೋನ್, ಅಂದರೆ ಅದರ ಅದುರುವ ಪರದೆ, ಹಿಂದೆ ಮುಂದೆ ನಾಲ್ಕು ಪಟ್ಟು ಆಡಬೇಕು. ಆರೂವರೆ ಇಂಚಿನ ಕೋನ್ ಎಷ್ಟು ಅಂತ ಆಡೀತು? 80 ಹರ್ಟ್ಸ್‌ಗಿಂತ ಕೆಳಗಿನದನ್ನು ಸಬ್‌ವೂಫರಿಗೆ ದಾಟಿಸಿದರೆ ಚಿಕ್ಕವು ಉಸಿರಾಡುತ್ತವೆ, ದನಿಯೂ ತಿಳಿಯಾಗುತ್ತದೆ. ಗಂಡು ಶ್ರುತಿಯ ತಂಬೂರಿಯನ್ನೇ ತಗೊಳ್ಳಿ. ಸಿ ಶಾರ್ಪ್‌ಗೆ ಸೇರಿಸಿದರೆ ಮಧ್ಯದ ತಂತಿಗಳು 139ರ ಹತ್ತಿರ, ಮಂದ್ರದ ತಂತಿ 69. ಅಂದರೆ ನಾಲ್ಕರಲ್ಲಿ ಒಂದು ತಂತಿ ಮಾತ್ರ, ಅದೂ ಅದರ ಬುಡದ ನಾದ ಮಾತ್ರ, ಸಬ್ ಕಡೆಗೆ ಹೋಗುತ್ತದೆ.

ಈಗ ಸಬ್ ಎಲ್ಲಿಡುವುದು? ಇದಕ್ಕೊಂದು ಉಪಾಯ ಇದೆ, ಮಾನ ಮರ್ಯಾದೆ ಬಿಡಬೇಕು ಅಷ್ಟೇ. ನೀವು ಕೂರುವ ಜಾಗದಲ್ಲಿ ಸಬ್ ಇಟ್ಟು, ಬಾಸ್ ಇರುವ ಹಾಡು ಹಾಕಿ, ನೀವು ನೆಲದ ಮೇಲೆ ಅಂಬೆಗಾಲಿಡಬೇಕು. ಎಲ್ಲಿ ಬಾಸ್ ಹದವಾಗಿ ಕೇಳುತ್ತದೋ ಅಲ್ಲಿ ಸಬ್ ಇಡಬೇಕು. ಭಾನುವಾರ ಬೆಳಿಗ್ಗೆ ಸೋಫಾ ಮೇಲೆ ಸಬ್‌ವೂಫರನ್ನು ನೆಂಟರ ಹಾಗೆ ಕೂರಿಸಿ, ನಾನು ಗೋಡೆ ಗೋಡೆ ಹಿಡಿದು ಮಂಡಿಯಲ್ಲಿ ಹೊರಟೆ. ಅಮ್ಮ ಹೂ ಬಿಡಿಸಿಕೊಂಡು ಒಳಗೆ ಬಂದವರು ನಿಂತುಬಿಟ್ಟರು.

"ಏನೋ ಬಿತ್ತು? ಸೂಜಿನಾ?"

"ಇಲ್ಲಮ್ಮ, ಬಾಸ್ ಹುಡುಕ್ತಿದೀನಿ."

"ಸಿಕ್ಕಿದ ಮೇಲೆ ಆ ಮೂಲೆ ಕಸಾನೂ ತೆಗಿ" ಅಂದು ದೇವರ ಮನೆಗೆ ಹೋದರು.

ಎಡ ಮೂಲೆಯಲ್ಲಿ ಬೊಮ್. ಟಿವಿ ಕೆಳಗೆ ಬೊಮ್. ಎಡಗಡೆಯ 12 ಅಡಿ ಗೋಡೆಯ ನಟ್ಟನಡುವೆ ಬಂದಾಗ ಮಾತ್ರ ಒಂದೊಂದು ಸ್ವರವೂ ಬೇರೆ ಬೇರೆ ಕೇಳಿತು. ಅಲ್ಲಿ 47ರ ಒದರಾಟ ಸೊನ್ನೆಗೆ ಹತ್ತಿರ, ಹಾಗಾಗಿ ಸಬ್ ಅದನ್ನು ಎಬ್ಬಿಸಲಾರದು. ಲೆಕ್ಕವೂ ಕಿವಿಯೂ ಒಪ್ಪಿದವು. ಒಂದೇ ತೊಂದರೆ. ಆ ಜಾಗ ಅಮ್ಮನ ಹೊಲಿಗೆ ಮಷೀನಿನದು. ಕಿಟಕಿ ಬೆಳಕು ಎಡಗಡೆಯಿಂದ ಬೀಳುತ್ತದೆ ಅಂತ 30 ವರ್ಷದಿಂದ ಅಲ್ಲೇ ಇದೆ. ಎರಡು ದಿನ ಮಾತುಕತೆ ನಡೆಯಿತು. ಮಷೀನು ಒಂದಡಿ ಕಿಟಕಿ ಕಡೆ ಸರಿಯಿತು, ಬದಲಿಗೆ ಅದರ ಬೆಲ್ಟು ಹೊಸದಾಯಿತು.

ಮೊದಲ ಸಂಜೆ ಇನ್ನೊಂದು ತಮಾಷೆ. ಆಕಾಶವಾಣಿಯ ವಾರ್ತೆ ಹಾಕಿದರೆ ಓದುವವರ ಅರ್ಧ ದನಿ ಹೊಲಿಗೆ ಮಷೀನಿನ ಹತ್ತಿರದಿಂದ ಬರುತ್ತಿತ್ತು. ನೋಡಿದರೆ ರಿಸೀವರ್ ತಾನೇ ಮೈಕಿನಲ್ಲಿ ಅಳೆದುಕೊಂಡು ಕ್ರಾಸ್‌ಓವರನ್ನು ಅಂದರೆ ಸಬ್ಬಿಗೂ ಸ್ಪೀಕರಿಗೂ ಸ್ವರ ಹಂಚುವ ಗಡಿಯನ್ನು, 150ಕ್ಕೆ ಇಟ್ಟಿದೆ. ಗಂಡಸರ ದನಿಯ ಬುಡ ಹೆಚ್ಚಾಗಿ ಅದರ ಕೆಳಗೇ ಇರುತ್ತೆ, ಅದನ್ನೆಲ್ಲಾ ಸಬ್ಬಿಗೆ ಕಳಿಸಿಬಿಟ್ಟಿತ್ತು. 80ಕ್ಕೆ ಇಳಿಸಿದೆ. ಅಷ್ಟು ಕೆಳಗಿನ ಶಬ್ದ ಯಾವ ಕಡೆಯಿಂದ ಬರುತ್ತಿದೆ ಅಂತ ಕಿವಿಗೆ ಗೊತ್ತಾಗುವುದು ಕಷ್ಟ. ವಾರ್ತೆ ಓದುವವರು ಟಿವಿಯ ಮಧ್ಯಕ್ಕೆ ವಾಪಸ್ ಬಂದರು. ಆಮೇಲೆ 80 ಹರ್ಟ್ಸ್ ಟೋನ್ ಹಾಕಿ ನಾನು ಸೋಫಾದಲ್ಲಿ ಕೂತೆ, ಹೆಂಡತಿ ಸಬ್ ಹಿಂದಿನ ಫೇಸ್ ಸ್ವಿಚ್ಚನ್ನು (ಸಬ್ಬಿನ ಅದುರಾಟವನ್ನು ಉಲ್ಟಾ ಮಾಡುವುದು, ಸೊನ್ನೆ ಅಥವಾ 180) ಆ ಕಡೆ ಈ ಕಡೆ ಮಾಡಿದಳು. "ಈಗ?" "ಇನ್ನೊಂದ್ಸಲ." "ಈಗ?" ಯಾವುದರಲ್ಲಿ ಜೋರು ಕೇಳುತ್ತದೋ ಅದೇ ಸರಿ. ನಮ್ಮಲ್ಲಿ ಸೊನ್ನೆ ಗೆದ್ದಿತು. ನಾಲ್ಕನೇ "ಇನ್ನೊಂದ್ಸಲ"ಕ್ಕೆ ಅವಳು ಎದ್ದು ಹೋದಳು.

ಸಬ್‌ವೂಫರ್ ತಗೊಂಡರೆ ಬರುವ ತಲೆನೋವು ಇನ್ನೊಂದಿದೆ, ಟವರಿನವರಿಗೆ ಇದು ಇಲ್ಲ. ಸಬ್ಬಿಗೆ ತನ್ನದೇ ಪ್ಲಗ್ ಬೇಕು. ಸಿಕ್ಕಿಸಿದ ಕೂಡಲೇ ಹಾಡು ಇಲ್ಲದಾಗಲೂ ಗುಂಯ್ ಅಂತ ಜೇನು ಹುಳದ ಸದ್ದು. ಸಬ್ಬೇ ಕೆಟ್ಟಿದೆ ಅಂತ ಪ್ಯಾಕ್ ಮಾಡಲು ಹೊರಟಿದ್ದೆ. ಸುಮ್ನೆ ಒಂದೊಂದೇ ವೈರ್ ಕೀಳುತ್ತಾ ಹೋದೆ. ಸೆಟ್‌ಟಾಪ್ ಬಾಕ್ಸಿನ ಕೇಬಲ್ ಕಿತ್ತ ಕ್ಷಣ ಸದ್ದು ನಿಂತಿತು. ಬೀದಿಯಿಂದ ಬರುವ ಆ ಕೇಬಲ್ಲಿನ ಹೊರ ಕವಚ ಒಂದು ಕಡೆಯ ಅರ್ತ್, ಮನೆಯ ಪ್ಲಗ್ಗಿನದು ಇನ್ನೊಂದು ಕಡೆಯ ಅರ್ತ್. ಎರಡರ ನಡುವೆ ಕರೆಂಟು ಸುತ್ತು ಹಾಕುತ್ತಿತ್ತು. ಯಾರೂ ನೋಡದ ಆ ಕನೆಕ್ಷನ್ನನ್ನೇ ತೆಗೆಸಿಬಿಟ್ಟೆವು. ಗುಂಯ್ ಸದ್ದು ಬಂದಾಗ ಅರ್ತ್ ಪಿನ್ ಮುರಿಯುವ ಉಪಾಯ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ, ಶಾಕ್ ಹೊಡೆಯುತ್ತದೆ.

ಟವರ್ ಬೇಡವೇ ಬೇಡ ಅಂತಲ್ಲ. ಜೋರಾಗಿ ಕೇಳುವವರಿಗೆ, ಡೊಳ್ಳಿನ ಏಟು ಎದೆಗೆ ತಾಗಬೇಕು ಅನ್ನುವವರಿಗೆ, ದೊಡ್ಡ ಹಾಲ್ ಇದ್ದು ಮೂರಡಿ ಜಾಗ ಬಿಡಬಲ್ಲವರಿಗೆ, ಒಳ್ಳೆಯ ಟವರ್ ಕೊಡುವ ಸುಖವೇ ಬೇರೆ. ಸೆಟ್ಟಿಂಗ್ ಇಲ್ಲ, ಅಂಬೆಗಾಲಿಲ್ಲ. ಭಾವ ಇನ್ನೇನನ್ನೂ ತಗೊಳ್ಳಬಾರದು. ಆದರೆ ಅಗ್ಗದ ಟವರ್, ಅದೇ, ಬಣ್ಣದ ಲೈಟು, ಮೈಕು, ಬ್ಲೂಟೂತ್ ಎಲ್ಲಾ ಇರುವುದು, ಅದರ ಎತ್ತರ ನೋಡಿ ಮರುಳಾಗಬೇಡಿ. ಬೆರಳಿನಿಂದ ತಟ್ಟಿದರೆ ಖಾಲಿ ಡಬ್ಬದ ಸದ್ದು ಬರುತ್ತದೆ. ಇನ್ನು ಡಬ್ಬದ ಮೇಲೆ 38 ಹರ್ಟ್ಸ್ ಅಂತ ಬರೆದಿದ್ದರೆ ಅದರ ಪಕ್ಕ ಎಷ್ಟು ಡಿಬಿ, ಅಂದರೆ ಆ ಸ್ವರದಲ್ಲಿ ಜೋರು ಎಷ್ಟು ಇಳಿದಿರುತ್ತದೆ, ಅಂತಲೂ ನೋಡಿ. ಮೈನಸ್ 3ರ 38ಕ್ಕೂ ಮೈನಸ್ 10ರ 38ಕ್ಕೂ ಆನೆ ಆಡಿನ ವ್ಯತ್ಯಾಸ.

ಹೋದ ತಿಂಗಳು ಭಾವ, ಅಕ್ಕ ಬಂದಿದ್ದರು. ಅದೇ ತನಿ ಹಾಕಿದೆ. ಶೋಕೇಸಿನ ಬಾಗಿಲಿಗೆ ಅಷ್ಟರಲ್ಲಿ ಸೈಕಲ್ ಟ್ಯೂಬಿನ ತುಂಡು ಅಂಟಿಸಿದ್ದೆ, ಲೋಟ ಗಪ್‌ಚಿಪ್. ಭಾವ ಕಣ್ಣು ಮುಚ್ಚಿಕೊಂಡು ತಾಳ ಹಾಕುತ್ತಾ ಕೇಳಿದರು. ಗುಮ್ಕಿ ಎದ್ದಿತು, ಹತ್ತಿತು.

"ಸಬ್ ಎಲ್ಲಿಟ್ಟಿದೀಯೋ?" ಅಂದರು.

"ನೀವೇ ಹೇಳಿ ಭಾವ."

ಟಿವಿ ಕೆಳಗೆ ನೋಡಿದರು. ಸೋಫಾ ಹಿಂದೆ ಬಗ್ಗಿದರು. ಅಷ್ಟರಲ್ಲಿ ಎಡಗಡೆಯಿಂದ ಸಣ್ಣಗೆ ಚಿಲಿ ಚಿಲಿ ಸದ್ದು ಶುರುವಾಯಿತು. ಅಮ್ಮ ಎದ್ದು ಹೋಗಿ, ಸಬ್ ಮೇಲೆ ಹಾಸಿದ್ದ ಬ್ಲೌಸ್ ಪೀಸಿನ ಕೆಳಗಿಂದ ತಮ್ಮ ಗುಂಡುಸೂಜಿ ಡಬ್ಬಿ ಎತ್ತಿಕೊಂಡರು.