ಮ್ಯಾಟರ್‌ಹಾರ್ನ್ ಎದುರಿಗೆ ಓಡುವುದು ಕಷ್ಟ

ಸ್ವಿಟ್ಜರ್ಲೆಂಡ್‌ನಲ್ಲಿ ಮ್ಯಾಟರ್‌ಹಾರ್ನ್ ಶಿಖರದ ಬುಡದಲ್ಲಿರುವ ಝೆರ್ಮಾಟ್ ಊರಿಗೆ ಕಾರು ತರುವಂತಿಲ್ಲ. ಕೆಳಗಿನ ಟೇಷ್‌ನಲ್ಲಿ ಬಿಟ್ಟು ರೈಲು ಹತ್ತಬೇಕು. ಊರೊಳಗೆ ಬ್ಯಾಟರಿ ಗಾಡಿಗಳು ಮಾತ್ರ. ಸದ್ದೇ ಇಲ್ಲದೆ ಬೆನ್ನ ಹಿಂದೆ ಬಂದು ನಿಲ್ಲುತ್ತವೆ. ಬೆಟ್ಟಕ್ಕಿಂತ ಮೊದಲು ನನ್ನನ್ನು ಹೆದರಿಸಿದ್ದು ಅವೇ. ಊರಿರುವುದೇ 1,600 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಅಲ್ಲಿ ಬೆಟ್ಟ ಮುಗಿಯುವ ಎತ್ತರದಲ್ಲಿ ಇಲ್ಲಿ ಮೊದಲ ಏರು ಇನ್ನೂ ಅರ್ಧ ಕೂಡ ಆಗಿರುವುದಿಲ್ಲ.

ಜ್ಯೂರಿಕ್‌ನಲ್ಲಿ ಕೆಲಸ ಮಾಡುವ ಗೆಳೆಯ ನಾವು ಓಡಲು ಹೋಬಾಲ್ಮೆನ್ ಸುತ್ತನ್ನು ಆರಿಸಿದ್ದ. ಊರಿಂದ ಟ್ರಿಫ್ಟ್ ಕಣಿವೆ ಹತ್ತಿ, ಮೇಲಿನ ಹುಲ್ಲುಗಾವಲು ದಾಟಿ, ಝ್ಮುಟ್ ಕಣಿವೆಗೆ ಇಳಿದು ವಾಪಸ್. ಸುಮಾರು 18 ಕಿಲೋಮೀಟರ್, ಹತ್ತಬೇಕಾದ್ದು ಸುಮಾರು 1,200 ಮೀಟರ್. ಬೆಂಗಳೂರಿನಲ್ಲಿ ಭಾನುವಾರ ಓಡುವವರಿಗೆ 18 ಅಂದರೆ ಸುಲಭ ಅನ್ನಿಸುತ್ತದೆ, ಅಲ್ವಾ? ಇಲ್ಲಿನ ಹಳದಿ ಕೈಕಂಬಗಳ ಮೇಲೆ ಕಿಲೋಮೀಟರ್ ಇರುವುದೇ ಇಲ್ಲ. ಇಷ್ಟು ಗಂಟೆ, ಇಷ್ಟು ನಿಮಿಷ ಅಂತ ಬರೆದಿರುತ್ತಾರೆ. ಅದೇ ಸರಿ. ಈ ದಾರಿಯಲ್ಲಿ ದೂರಕ್ಕೆ ಬೆಲೆಯಿಲ್ಲ.

ಆಗಸ್ಟ್ ಕೊನೆಯ ಒಂದು ಬೆಳಿಗ್ಗೆ ಬೇಗ ಹೊರಟೆವು. ಮಧ್ಯಾಹ್ನದ ಹೊತ್ತಿಗೆ ಮ್ಯಾಟರ್‌ಹಾರ್ನ್ ಮೋಡದೊಳಗೆ ಹೋಗುವುದು ಜಾಸ್ತಿ. ಮನೆಗಳ ಸಂದಿಯಲ್ಲೇ ಏರು ಶುರು. ಸ್ವಲ್ಪ ಹೊತ್ತು ಜಂಬಕ್ಕೆ ಓಡಿದೆವು. ಆಮೇಲೆ ಕೈಗಳನ್ನು ತೊಡೆಯ ಮೇಲೆ ಊರಿ ನಡಿಗೆ. ಇಂಥ ಏರಿನಲ್ಲಿ ಚೆನ್ನಾಗಿ ಪಳಗಿದವರೂ ನಡೆಯುತ್ತಾರೆ. ಅದರಲ್ಲಿ ನಾಚಿಕೆಯೇನೂ ಇಲ್ಲ. 1,961 ಮೀಟರ್‌ನಲ್ಲಿ ಎಡೆಲ್‌ವೈಸ್ ಅನ್ನುವ ಹೋಟೆಲ್. ಅಲ್ಲಿಂದ ಕೆಳಗೆ ನೋಡಿದರೆ ಝೆರ್ಮಾಟ್‌ನ ಚಾವಣಿಗಳು ಕಾಲ ಕೆಳಗೇ ಇದ್ದವು. ಮುಂದೆ ಹೊಳೆಯ ಪಕ್ಕದ ಕಲ್ಲುದಾರಿ. ಟ್ರಿಫ್ಟ್‌ನಲ್ಲಿ 2,337 ಮೀಟರ್. ಒಂಟಿ ಹೋಟೆಲ್, ಹಿಂದೆ ಓಬರ್ ಗಾಬೆಲ್‌ಹಾರ್ನ್‌ನ ಹಿಮ. ಒಂದೊಂದು ಲೋಟ ಕೋಲಾ ಕುಡಿದು ಎಡಕ್ಕೆ ತಿರುಗಿದೆವು.

ಅಲ್ಲಿಂದ ಮತ್ತೊಂದು ಏರು. ಅದು ಮುಗಿದದ್ದೇ ಕಾಲ ಕೆಳಗಿನ ನೆಲ ಪೂರ್ತಿ ಬದಲಾಯಿತು. ಹೋಬಾಲ್ಮೆನ್, 2,665 ಮೀಟರ್. ಹಾಸಿದಂತಿರುವ ಹುಲ್ಲುಗಾವಲು. ಅದರ ಮೇಲೆ ಸಣ್ಣ ಕಾಲುದಾರಿ, ಇಷ್ಟು ಹೊತ್ತು ನಾವು ಕಾಯುತ್ತಿದ್ದ ಓಡುವ ದಾರಿ. ಆದರೆ ಕಣಿವೆಯಾಚೆ ನೇರ ಎದುರಿಗೆ ಮ್ಯಾಟರ್‌ಹಾರ್ನ್‌ನ ಉತ್ತರ ಮುಖ. ಎಡಕ್ಕೆ ಹೋರ್ನ್‌ಲಿ ಅನ್ನುವ ಏಣು (ಬೆಟ್ಟದ ಚೂಪು ಅಂಚು), ಬಲಕ್ಕೆ ಝ್ಮುಟ್ ಏಣು, ನಡುವೆ ಕಡಿದಾದ ಕಪ್ಪು ಗೋಡೆ. ಓಡುವಾಗ ಕಣ್ಣು ಎರಡು ಹೆಜ್ಜೆ ಮುಂದಿನ ಕಲ್ಲಿನ ಮೇಲಿರಬೇಕು. ಇಲ್ಲಿ ಅದು ನಿಲ್ಲುವುದೇ ಇಲ್ಲ. ನೋಡುತ್ತಾ ಓಡಿದರೆ ಕೆಳಗಿನ ಇಳಿಜಾರು ಕರೆದುಕೊಳ್ಳುತ್ತದೆ. ನೋಡದೆ ಓಡಿದರೆ ಇಷ್ಟು ದೂರ ಬಂದಿದ್ದು ಯಾಕೆ?

"ಲೋ, ಓಡೋಕೆ ಬಂದಿದ್ದೀಯೋ ನೋಡೋಕೆ ಬಂದಿದ್ದೀಯೋ?" ಗೆಳೆಯ ಮುಂದಿನಿಂದ ಕೂಗಿದ.

"ನೀನು ಹೋಗ್ತಿರು ಮಗಾ, ಬರ್ತೀನಿ."

ಕೂತುಬಿಟ್ಟೆ. ಹೋರ್ನ್‌ಲಿ ಏಣಿನಿಂದಲೇ 1865ರ ಜುಲೈ 14ರಂದು ಇಂಗ್ಲಿಷ್ ಪರ್ವತಾರೋಹಿ ಎಡ್ವರ್ಡ್ ವಿಂಪರ್ ತಂಡ ಮೊದಲ ಸಲ ತುದಿ ಮುಟ್ಟಿದ್ದು. ಹತ್ತಿದವರು ಏಳು ಜನ, ಇಳಿದು ಬಂದವರು ಮೂರೇ ಜನ. ಅಂದು ತುಂಡಾದ ಹಗ್ಗ ಈಗಲೂ ಊರಿನ ಮ್ಯೂಸಿಯಂನಲ್ಲಿದೆ. ನನಗೆ ಹೆಚ್ಚು ಇಷ್ಟವಾದ ಕಥೆ ಮಾತ್ರ ಈ ಉತ್ತರ ಮುಖದ್ದು. 1931ರಲ್ಲಿ ಅದನ್ನು ಮೊದಲು ಹತ್ತಿದ ಫ್ರಾಂಜ್ ಮತ್ತು ಟೋನಿ ಶ್ಮಿಡ್ ಅಣ್ಣತಮ್ಮಂದಿರು ಮ್ಯೂನಿಕ್‌ನಿಂದ ಇಲ್ಲಿಗೆ ಸೈಕಲ್ ತುಳಿದುಕೊಂಡು ಬಂದಿದ್ದರಂತೆ! ಇನ್ನು ಬೆಟ್ಟದ ಓಟಗಾರ ಕಿಲಿಯನ್ ಜೋರ್ನೆಟ್ 2013ರಲ್ಲಿ ಆಚೆ ಬದಿಯ ಇಟಲಿಯ ಚೆರ್ವಿನಿಯಾದಿಂದ ಹೊರಟು, ತುದಿ ಮುಟ್ಟಿ, ಮೂರು ಗಂಟೆಯೊಳಗೆ ವಾಪಸ್ ಬಂದ. ಆ ಹೊತ್ತಿಗೆ ನಾವು ಇನ್ನೂ ಹುಲ್ಲುಗಾವಲಿನಲ್ಲೇ ಇದ್ದೆವು.

ದಾರಿ ಇನ್ನೂ ಕೊಂಚ ಏರಿ 2,740 ಮೀಟರ್ ದಾಟುತ್ತದೆ. ಇಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ್ದಕ್ಕಿಂತ ಕಾಲು ಭಾಗಕ್ಕೂ ಜಾಸ್ತಿ ಇಳಿದಿರುತ್ತದೆ. ಸಮತಟ್ಟಿನಲ್ಲೂ ಎದೆ ಹೊಡೆದುಕೊಳ್ಳುತ್ತಿತ್ತು. ಕಪ್ಪು ಮೂತಿಯ, ಈ ವಲೈಸ್ ಪ್ರಾಂತ್ಯದ ಕುರಿಗಳು ದಾರಿಗೆ ಅಡ್ಡ ಮಲಗಿದ್ದವು. ಏಳುವ ಲಕ್ಷಣ ಇರಲಿಲ್ಲ. ನಾವೇ ಸುತ್ತಿ ಹೋದೆವು.

ಇಳಿಜಾರಿನ ಬಗ್ಗೆ ಯಾರೂ ಸರಿಯಾಗಿ ಎಚ್ಚರಿಸುವುದಿಲ್ಲ. ಆರ್ಬೆನ್ ಕಡೆಗೆ ದಾರಿ ಅಂಕುಡೊಂಕಾಗಿ ಬೀಳುತ್ತದೆ. ಅರ್ಧಕ್ಕೇ ತೊಡೆಗಳು ನಡುಗತೊಡಗಿದವು. ಹೆಜ್ಜೆ ಚಿಕ್ಕದಿರಲಿ, ಬೇಗ ಬೇಗ ಬೀಳಲಿ, ಹಿಮ್ಮಡಿ ಊರಿ ಬ್ರೇಕ್ ಹಾಕಬೇಡಿ. ಕೆಳಗಿನ ಝ್ಮುಟ್ ಹಿಮನದಿಯ ಬಹುಭಾಗ ಕಲ್ಲುಮಣ್ಣಿನಡಿ ಮುಚ್ಚಿಹೋಗಿದೆ. ಅದು ಹಿಮ ಅಂತ ಯಾರಾದರೂ ಹೇಳಬೇಕು, ಇಲ್ಲದಿದ್ದರೆ ಕಲ್ಲುಗಣಿ ಅಂದುಕೊಳ್ಳುತ್ತೀರಿ. ಇನ್ನೂ ಕೆಳಗೆ ಒಂದು ಅಣೆಕಟ್ಟು. ಇಲ್ಲಿ ಸೇರುವ ನೀರನ್ನು ಪಂಪ್ ಮಾಡಿ ದೂರದ ಗ್ರಾಂಡ್ ಡಿಕ್ಸೆನ್ಸ್ ಜಲಾಶಯಕ್ಕೆ ಕಳಿಸುತ್ತಾರೆ. ಝ್ಮುಟ್ ಅಂದರೆ ಕಪ್ಪಾದ ಮರದ ಮನೆಗಳ ಒಂದು ಗುಂಪು. ಅಲ್ಲಿ ರೊಟ್ಟಿ, ಚೀಸ್ ತಿಂದೆವು. ಬೆಲೆಯನ್ನು ರೂಪಾಯಿಗೆ ಲೆಕ್ಕ ಹಾಕಲಿಲ್ಲ, ಹಾಕಲೂಬಾರದು.

ನೀವೂ ಹೋಗುವುದಾದರೆ ನಮ್ಮ ಹಾಗೆ ಟ್ರಿಫ್ಟ್ ಕಡೆಯಿಂದಲೇ ಹತ್ತಿ. ತಿರುಗಾಮುರುಗಾ ಹೋದರೆ ಟ್ರಿಫ್ಟ್‌ನ ಕಲ್ಲಿಳಿಜಾರು ದಣಿದ ಮಂಡಿಗಳ ಪಾಲಿಗೆ ಕೊನೆಯಲ್ಲಿ ಬರುತ್ತದೆ. ದಾರಿಗುರುತಾಗಿ ಬಳಿದ ಬಿಳಿ-ಕೆಂಪು-ಬಿಳಿ ಬಣ್ಣದ ಪಟ್ಟಿಗಳನ್ನು ಹಿಡಿದು ಹೋದರೆ ದಾರಿ ತಪ್ಪುವುದು ಕಷ್ಟ. ಬಿದ್ದು ಪೆಟ್ಟಾದರೆ ವಲೈಸ್ ಪ್ರಾಂತ್ಯದಲ್ಲಿ 144ಕ್ಕೆ ಕರೆ ಮಾಡಬೇಕು, ಹೆಲಿಕಾಪ್ಟರ್ ಬೇಕಾದರೂ ಅದೇ ನಂಬರ್. ಪ್ರವಾಸದ ವಿಮೆಯಲ್ಲಿ ಬೆಟ್ಟದ ರಕ್ಷಣೆ ಸೇರಿದೆಯಾ ಅಂತ ಮೊದಲೇ ನೋಡಿಕೊಳ್ಳಿ. ಆ ಹೆಲಿಕಾಪ್ಟರ್ ಬಿಟ್ಟಿ ಬರುವುದಿಲ್ಲ.