ಯಂತ್ರ ಕೊಟ್ಟವರು ಮತ್ತೆ ಬರಲಿಲ್ಲ

ಸಾಗರ ತಾಲ್ಲೂಕಿನ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಔಷಧ ದಾಸ್ತಾನಿನ ಕೋಣೆಯಲ್ಲಿ, ಕಿಟಕಿಯ ಕೆಳಗೆ, ಪ್ಲಾಸ್ಟಿಕ್ ಹೊದಿಸಿದ ಎರಡು ಆಕ್ಸಿಜನ್ ಕಾನ್ಸೆಂಟ್ರೇಟರ್‌ಗಳಿವೆ. ಕೋವಿಡ್‌ನ ಎರಡನೆಯ ಅಲೆ ತಗ್ಗುತ್ತಿದ್ದ 2021ರ ಜೂನ್‌ನಲ್ಲಿ ಕಂಪನಿಯೊಂದು ತನ್ನ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ನಿಧಿಯಿಂದ ಅವನ್ನು ಕೊಟ್ಟಿತ್ತು. ಆರೋಗ್ಯ ರಕ್ಷಾ ಸಮಿತಿಯ ಸದಸ್ಯನಾಗಿ, ಸುರಿಯುವ ಮಳೆಯಲ್ಲಿ ಅವನ್ನು ಜೀಪಿನಿಂದ ಇಳಿಸಿಕೊಂಡವರಲ್ಲಿ ನಾನೂ ಒಬ್ಬ. ಕಳೆದ ತಿಂಗಳು ಹೊದಿಕೆ ಸರಿಸಿ ನೋಡಿದೆ. ಗಾಳಿ ಎಳೆದುಕೊಳ್ಳುವ ಜಾಲರಿಯ ಹಿಂದಿನ ಸ್ಪಂಜಿಗೆ ಬೂಷ್ಟು ಹಿಡಿದಿತ್ತು, ಬೆರಳು ತಾಗಿಸಿದರೆ ಪುಡಿಪುಡಿಯಾಗಿ ಉದುರುತ್ತಿತ್ತು.

"ಹೋದ ವರ್ಷ ಮಳೆಗಾಲ ಕಳೆದ ಮೇಲೆ ಒಂದು ಸಲ ಹಾಕಿ ನೋಡಿದ್ವಿ ಅಣ್ಣ, ಕೆಂಪು ದೀಪ ಹತ್ತಿ ಕೂಗಕ್ಕೆ ಶುರು ಮಾಡ್ತು," ಎಂದರು ನಮ್ಮ ಸಿಸ್ಟರ್. ಅವರದೇನೂ ತಪ್ಪಿಲ್ಲ. ಈ ಯಂತ್ರದೊಳಗೆ ಜಿಯೋಲೈಟ್ ಎಂಬ ಖನಿಜದ ಹರಳುಗಳಿರುತ್ತವೆ. ಗಾಳಿಯಲ್ಲಿನ ಸಾರಜನಕವನ್ನು ಅವು ಹಿಡಿದಿಟ್ಟುಕೊಳ್ಳುವುದರಿಂದ ಶೇ 90ಕ್ಕೂ ಹೆಚ್ಚು ಶುದ್ಧವಾದ ಆಮ್ಲಜನಕ ಹೊರಬರುತ್ತದೆ. ಆದರೆ ಜಿಯೋಲೈಟಿಗೆ ತೇವವೇ ಶತ್ರು. ಯಂತ್ರವನ್ನು ಆಗಾಗ ಓಡಿಸದೆ ಮೂಲೆಯಲ್ಲಿಟ್ಟರೆ ಹರಳುಗಳು ಗಾಳಿಯ ಪಸೆಯನ್ನು ಹೀರಿ ಶಕ್ತಿ ಕಳೆದುಕೊಳ್ಳುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ, ಮರ ಬಿದ್ದರೆ ಎರಡು ದಿನ ಕರೆಂಟಿಲ್ಲದ, ಬಂದರೂ ವೋಲ್ಟೇಜ್ ನಿಲ್ಲದ ಮಲೆನಾಡಿನಲ್ಲಿ ಇದನ್ನು ಉಳಿಸಿಕೊಳ್ಳಬೇಕಾದರೆ ಸ್ಟೆಬಿಲೈಸರ್ ಬೇಕು, ವರ್ಷಕ್ಕೊಮ್ಮೆಯಾದರೂ ಬಂದು ನೋಡುವ ಮೆಕ್ಯಾನಿಕ್ ಬೇಕು. ಯಂತ್ರದ ಜೊತೆಗೆ ಈ ಎರಡರಲ್ಲಿ ಯಾವುದೂ ಬರಲಿಲ್ಲ; ನಮಗೆ ಏನು ಬೇಕೆಂದು ಮೊದಲು ಕೇಳಿದವರೂ ಇರಲಿಲ್ಲ.

ಕೊಟ್ಟವರ ಮನಸ್ಸನ್ನು ನಾನು ಸಂದೇಹಿಸುವುದಿಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕೀತೇ ಎಂದು ಊರೂರಿನಿಂದ ಫೋನು ಬರುತ್ತಿದ್ದ ಆ ದಿನಗಳಲ್ಲಿ, ನಮ್ಮ ಕೇಂದ್ರದಲ್ಲೂ ಆಕ್ಸಿಜನ್ ಇದೆ ಎಂಬ ಮಾತೇ ಜನರಿಗೆ ದೊಡ್ಡ ಧೈರ್ಯವಾಗಿತ್ತು. ನನ್ನ ತಕರಾರು ಆಮೇಲಿನದರ ಬಗ್ಗೆ.

2013ರ ಕಂಪನಿ ಕಾಯ್ದೆಯ 135ನೆಯ ಕಲಂ ಪ್ರಕಾರ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ಕೋವಿಡ್‌ಗೆ ಮಾಡುವ ಖರ್ಚೂ ಇದರಲ್ಲಿ ಸೇರುತ್ತದೆ ಎಂದು ಕೇಂದ್ರ ಸರ್ಕಾರ 2020ರ ಮಾರ್ಚ್ 23ರಂದು ತಿಳಿಸಿತು. 2021ರ ಮೇ ತಿಂಗಳಲ್ಲಿ ಆಕ್ಸಿಜನ್ ಘಟಕ, ಕಾನ್ಸೆಂಟ್ರೇಟರ್, ವೆಂಟಿಲೇಟರ್‌ಗಳನ್ನು ಹೆಸರಿಸಿಯೇ ಸುತ್ತೋಲೆ ಹೊರಡಿಸಿತು. ಕಷ್ಟಕಾಲಕ್ಕೆ ತಕ್ಕ ಆದೇಶಗಳೇ ಅವು. ಆದರೆ ಯಂತ್ರವನ್ನು ಸರ್ಕಾರಿ ಆಸ್ಪತ್ರೆಗೆ ಒಪ್ಪಿಸಿದ ದಿನವೇ ಕಂಪನಿಯ ಲೆಕ್ಕ ಮುಗಿಯುತ್ತದೆ. ಕೊಟ್ಟದ್ದರಿಂದ ಏನಾಯಿತು ಎಂಬ ಮೌಲ್ಯಮಾಪನ ಕಡ್ಡಾಯವಾಗುವುದು ಸರಾಸರಿ 10 ಕೋಟಿ ಅಥವಾ ಅದಕ್ಕಿಂತ ಹೆಚ್ಚಿನ ಸಿಎಸ್‌ಆರ್ ಬಾಧ್ಯತೆಯಿರುವ ಕಂಪನಿಗಳಿಗೆ, ಅದೂ 1 ಕೋಟಿಗೆ ಕಡಿಮೆಯಿಲ್ಲದ ಯೋಜನೆಗಳಿಗೆ ಮಾತ್ರ. ನಮ್ಮಂಥ ಕೇಂದ್ರಕ್ಕೆ ಬಂದ ಎರಡು ಯಂತ್ರಗಳನ್ನು ಕೇಳುವವರಿಲ್ಲ. ಹಾಗೆಂದು ನಿರ್ವಹಣೆಗೆ ಹಣ ಕೊಡಬಾರದೆಂದು ಕಾಯ್ದೆ ಎಲ್ಲಿಯೂ ಹೇಳಿಲ್ಲ. ಆರಂಭದ ವರ್ಷವನ್ನು ಬಿಟ್ಟು ಮೂರು ವರ್ಷ ನಡೆಯುವ ಯೋಜನೆಯನ್ನು ಕೈಗೊಳ್ಳಲು ಅದು ಅವಕಾಶ ಕೊಟ್ಟಿದೆ. ಈ ಅವಕಾಶವನ್ನು ಬಳಸಿಕೊಳ್ಳದಿದ್ದುದೇ ನನಗೆ ನೋವಿನ ಸಂಗತಿ.

ಇದನ್ನು ಈಗ ಬರೆಯಲು ಮಂಗನ ಕಾಯಿಲೆಯೇ ಕಾರಣ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ, ಜಗತ್ತಿಗೆಲ್ಲ ಆ ಕಾಡಿನ ಹೆಸರಿನಿಂದಲೇ ಪರಿಚಿತವಾದ ಈ ಜ್ವರ ಸುಮಾರು ಡಿಸೆಂಬರ್‌ನಿಂದ ಮೇವರೆಗೆ ನಮ್ಮನ್ನು ಕಾಡುತ್ತದೆ. ಸೋಂಕು ತಗುಲಿದ ನೂರು ಜನರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. 2019ರ ಆರಂಭದಲ್ಲಿ ನಮ್ಮದೇ ತಾಲ್ಲೂಕಿನ ಅರಳಗೋಡಿನ ಸುತ್ತಮುತ್ತ ಮನೆಮನೆಯಲ್ಲೂ ಜ್ವರದವರಿದ್ದರು. ರೋಗಿಗಳನ್ನು ಶಿವಮೊಗ್ಗಕ್ಕೆ, ಮಣಿಪಾಲಕ್ಕೆ ಸಾಗಿಸಬೇಕಾಯಿತು. ಹಿಂದೆ ಹಾಕುತ್ತಿದ್ದ ಲಸಿಕೆ ಸಾಕಷ್ಟು ಪರಿಣಾಮಕಾರಿಯಲ್ಲವೆಂದು ನಿಂತಿದೆ. ಕೊಟ್ಟಿಗೆಗೆ ದರಕು (ಒಣಗಿದ ಎಲೆ) ತರಲು, ಸೌದೆಗೆ ಕಾಡಿಗೆ ಹೋಗುವವರು ಈ ರೋಗವನ್ನು ಹರಡುವ ಉಣುಗು (ಉಣ್ಣೆ) ಕಚ್ಚದಂತೆ ಮೈಗೆ ಎಣ್ಣೆ ಹಚ್ಚಿಕೊಂಡು ಹೋಗಬೇಕು, ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಬೇಕು. ಆ ಎಣ್ಣೆಯ ಬಾಟಲಿ ಹಿಡಿದು, ಎರಡು ಮನೆಗಳ ನಡುವೆ ಒಂದೊಂದು ಗುಡ್ಡ ಹತ್ತಿಳಿಯುವವರು ನಮ್ಮ ಆಶಾ ಕಾರ್ಯಕರ್ತೆಯರು. ಸತ್ತ ಮಂಗ ಕಂಡರೆ ಸುದ್ದಿ ಮುಟ್ಟಿಸುವುದೂ ಹೆಚ್ಚಾಗಿ ಅವರೇ, ಅದೂ ಮೊಬೈಲ್ ಸಿಗ್ನಲ್ ಸಿಗುವ ದಿಣ್ಣೆಯವರೆಗೆ ನಡೆದು ಹೋಗಿ.

ರೋಗ ತಡೆಗಟ್ಟುವ ಆರೋಗ್ಯಸೇವೆ ಸಿಎಸ್‌ಆರ್ ಹಣ ಬಳಸಬಹುದಾದ ಕೆಲಸಗಳ ಪಟ್ಟಿಯ ಮೊದಲ ಬಾಬಿನಲ್ಲೇ ಇದೆ. ಆದರೂ ನಮ್ಮ ಹೋಬಳಿಗೆ ಮಂಗನ ಕಾಯಿಲೆಯ ಹೆಸರಿನಲ್ಲಿ ಒಂದು ಕಂಪನಿಯೂ ಬಂದದ್ದು ನನಗೆ ನೆನಪಿಲ್ಲ. ತಾನು ಕೆಲಸ ಮಾಡುವ ಸ್ಥಳದ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕೆಂದು ಕಾಯ್ದೆಯೇ ಹೇಳುವುದರಿಂದ, ದೊಡ್ಡ ಕಾರ್ಖಾನೆಯಿಲ್ಲದ ಕಾಡಂಚಿನ ಹಳ್ಳಿಗೆ ಆ ಹಣ ತಾನಾಗಿ ಹರಿದು ಬರುವುದಿಲ್ಲ. ನಾವೇ ಕೇಳಬೇಕು.

ಹೋದ ವಾರ ಸಮಿತಿಯ ಸಭೆಯಲ್ಲಿ ಚರ್ಚಿಸಿ, ಯಂತ್ರ ಕೊಟ್ಟ ಕಂಪನಿಗೇ ಪತ್ರ ಬರೆದೆವು. ಅವರ ಉಪಕಾರವನ್ನು ಮೊದಲು ನೆನೆದು, ಎರಡೂ ಕಾನ್ಸೆಂಟ್ರೇಟರ್‌ಗಳ ರಿಪೇರಿಗೆ ಮತ್ತು ಮೂರು ವರ್ಷಗಳ ನಿರ್ವಹಣೆಗೆ ನೆರವು ಕೇಳಿದೆವು. ಆಶಾ ಕಾರ್ಯಕರ್ತೆಯರಿಗೆ ಮೊಣಕಾಲವರೆಗಿನ ಗಂಬೂಟು ಮತ್ತು ಟಾರ್ಚು ಬೇಕೆಂದು ಬರೆದೆವು. ಜ್ವರದವರನ್ನು ರಾತ್ರಿ ಹೊತ್ತು ಸಾಗರಕ್ಕೆ ಒಯ್ಯಲು ಒಂದು ಜೀಪು ಗೊತ್ತುಮಾಡಿ, ಡಿಸೆಂಬರ್‌ನಿಂದ ಮೇವರೆಗಿನ ಆರು ತಿಂಗಳ ಬಾಡಿಗೆಯನ್ನು ಅವರು ಭರಿಸಬೇಕೆಂದು ಕೋರಿದೆವು. ಉಣುಗಿನ ಕಾಲ ಶುರುವಾಗುವ ಮೊದಲು ಒಮ್ಮೆ ಬಂದು ಹೋಗಿ ಎಂಬ ಕೊನೆಯ ಸಾಲನ್ನು ಸಿಸ್ಟರ್ ತಾವೇ ಸೇರಿಸಿದರು.